ತಮ್ಮನ ಕುಡಿತ ಬಿಡಿಸುವ ಚಿಕಿತ್ಸೆಗೆ ಹಣ ಹೊಂದಿಸಿದ್ದು: ಇನ್ಶೂರೆನ್ಸ್ ಕೊಟ್ಟದ್ದೆಷ್ಟು, ಕೈಯಿಂದ ಹೋದದ್ದೆಷ್ಟು

ನನ್ನ ತಮ್ಮನ ಚಿಕಿತ್ಸೆ ಒಂದು ಹಂತಕ್ಕೆ ಬಂದಿದೆ. ಇನ್ಶೂರೆನ್ಸ್ ಕಂಪೆನಿ ಜೊತೆಗಿನ ಪತ್ರ ವ್ಯವಹಾರವೂ ಈಗಷ್ಟೇ ಮುಗಿಯಿತು. ಇದನ್ನು ಅವನ ಒಪ್ಪಿಗೆ ತೆಗೆದುಕೊಂಡೇ ಬರೆಯುತ್ತಿದ್ದೇನೆ. "ಹೆಸರು ಬೇಡ ಅಕ್ಕ, ಬೇರೆ ಎಲ್ಲ ಬರಿ, ಲೆಕ್ಕ ಸಮೇತ ಬರಿ" ಎಂದ. ಆಸ್ಪತ್ರೆಯ ಬೆಂಚಿನಲ್ಲಿ ಕೂತವರೆಲ್ಲ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದದ್ದು ಒಂದೇ: "ಎಷ್ಟಾಗ್ತದೆ? ಕಾರ್ಡ್ ನಡೀತದಾ?" ಕೌಂಟರಿನಲ್ಲಿ ಕೇಳಿದರೆ ಪಾಲಿಸಿ ನೋಡಬೇಕು ಎನ್ನುತ್ತಾರೆ. ಪಾಲಿಸಿಯವರನ್ನು ಕೇಳಿದರೆ ಆಸ್ಪತ್ರೆಯ ಪೇಪರ್ ನೋಡಬೇಕು ಎನ್ನುತ್ತಾರೆ.

ನಾವು ಕಟಪಾಡಿಯವರು. ನಾನು ಉಡುಪಿಯ ಒಂದು ಸಹಕಾರಿ ಸಂಘದಲ್ಲಿ ಕೆಲಸಕ್ಕಿದ್ದೇನೆ. ತಮ್ಮ ಮಂಗಳೂರಿನಲ್ಲಿ ವಾಹನ ಶೋರೂಮೊಂದರ ಸರ್ವೀಸ್ ವಿಭಾಗದಲ್ಲಿದ್ದಾನೆ. ಹೆಂಡತಿ, ಮಗಳ ಜೊತೆ ಸುರತ್ಕಲ್ ಹತ್ತಿರ ಬಾಡಿಗೆ ಮನೆ. ಸಂಜೆ ಒಂದು ಕ್ವಾರ್ಟರ್ ಅಂತ ಶುರುವಾದದ್ದು, ಬೆಳಿಗ್ಗೆ ಕೈ ನಡುಕ ನಿಲ್ಲಿಸಲಿಕ್ಕೂ ಬೇಕು ಎನ್ನುವಲ್ಲಿಗೆ ಹೋಗಿತ್ತು. ಕಂಪೆನಿ ಕೊಟ್ಟ ಗ್ರೂಪ್ ಇನ್ಶೂರೆನ್ಸ್ ಇತ್ತು, 3 ಲಕ್ಷದ್ದು. ಅದೊಂದು ಧೈರ್ಯ ನಮಗೆ.

ಆಟಿ ತಿಂಗಳ ಮಳೆ. ಒಂದು ದಿನ ಮಗಳ ಎದುರು "ಇವತ್ತಿಂದ ಬಿಟ್ಟೆ" ಎಂದು ಬಾಟಲಿ ಎಸೆದ. ಎಲ್ಲರಿಗೂ ಖುಷಿ. ಮರುದಿನ ಫಿಟ್ಸ್ ಬಂತು. ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅದರ ನಂತರದ ರಾತ್ರಿ, ಗೋಡೆ ಮೇಲೆ ಇರುವೆ ಸಾಲು ಹೋಗ್ತಾ ಇದೆ ಎಂದು ಹೊಡೆಯಲು ಎದ್ದ. ಅಲ್ಲಿ ಇರುವೆ ಇರಲಿಲ್ಲ. ಡ್ರಿಪ್ ಕಿತ್ತು ರಕ್ತ ಚಿಮ್ಮಿತು. ಐಸಿಯುಗೆ ಹಾಕಿದರು.

ಇಲ್ಲೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ದಿನವೂ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ ಆಗಬಹುದು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಬುದ್ಧಿ ಭ್ರಮೆಯಾದಂತೆ ಆಗಬಹುದು. ರೂಮಲ್ಲಿ ಕೂಡಿ ಹಾಕಿ ಬಿಡಿಸುವ ಸಾಹಸ ಬೇಡ. ಯಾರನ್ನು ಕೇಳಬೇಕೆಂದು ಗೊತ್ತಿಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ, ರಾತ್ರಿಯೂ ಸಿಗುತ್ತಾರೆ. ವ್ಯಸನಕ್ಕೇ ಅಂತ ಇರುವ ಕೇಂದ್ರ ಸರ್ಕಾರದ ಸಹಾಯವಾಣಿ 14446. ಆದರೆ ಫಿಟ್ಸ್ ಬಂದರೆ ಫೋನ್ ಹಿಡಿದು ಕೂರಬೇಡಿ, ನೇರ ಆಸ್ಪತ್ರೆ.

ಐಸಿಯು ಹೊರಗೆ ತಮ್ಮನ ಹೆಂಡತಿ, ಒಳಗೆ ಅವನು, ನಾನು ಇನ್ಶೂರೆನ್ಸ್ ಡೆಸ್ಕ್ ಎದುರು. ಬಿಲ್ಲನ್ನು ಕಂಪೆನಿಯೇ ನೇರ ಆಸ್ಪತ್ರೆಗೆ ಕಟ್ಟುವಂತೆ ಮೊದಲೇ ಒಪ್ಪಿಗೆ ಕೇಳುವ ಪ್ರೀ-ಆಥರೈಸೇಶನ್ ಫಾರಂ ತುಂಬಿಸಿದರು. ಅದರಲ್ಲಿ ಮದ್ಯಪಾನದ ಇತಿಹಾಸ ಇದೆಯಾ ಎಂಬ ಕಾಲಂ ಇರುತ್ತದೆ. ಡಾಕ್ಟರ್ ಇದ್ದದ್ದನ್ನು ಇದ್ದ ಹಾಗೆ ಬರೆದರು. ಉತ್ತರ ಬೇಗ ಬಂತು, ಆ ವಿಷಯದಲ್ಲಿ ನನಗೆ ದೂರಿಲ್ಲ: ಕ್ಯಾಶ್‌ಲೆಸ್ ಇಲ್ಲ, ಕಾರಣ "ಕೋಡ್ ಎಕ್ಸ್‌ಸಿಎಲ್ 12".

ಈ 12ನೇ ಕೋಡನ್ನು ನಾನು ಈಗ ನಿದ್ದೆಯಲ್ಲೂ ಹೇಳುತ್ತೇನೆ. 2019ರಲ್ಲಿ ಐಆರ್‌ಡಿಎಐ, ಅಂದರೆ ವಿಮಾ ನಿಯಂತ್ರಣ ಪ್ರಾಧಿಕಾರ, ಹೆಲ್ತ್ ಪಾಲಿಸಿಗಳಲ್ಲಿ "ಇದಕ್ಕೆ ಕೊಡುವುದಿಲ್ಲ" ಎನ್ನುವ ಪಟ್ಟಿಗೆ ಒಂದೇ ರೀತಿಯ ಭಾಷೆ, ಒಂದೇ ರೀತಿಯ ಕೋಡ್ ಮಾಡಿತು. 12ನೆಯದು ಕುಡಿತ, ಮಾದಕ ವಸ್ತು ಅಥವಾ ಯಾವುದೇ ಚಟದ ಚಿಕಿತ್ಸೆ, "ಮತ್ತು ಅದರ ಪರಿಣಾಮಗಳು". ಆ ಕೊನೆಯ ಎರಡು ಮೂರು ಪದಗಳೇ ನಮ್ಮ ಐಸಿಯು ಬಿಲ್ಲನ್ನು ನುಂಗಿದ್ದು. ಕುಡಿತ ಬಿಡಿಸುವುದಕ್ಕೆ ಕೊಡುವುದಿಲ್ಲ ಸರಿ, ಫಿಟ್ಸ್‌ಗಾದರೂ ಕೊಡ್ತಾರೆ ಅಂತ ನಾನು ಎಣಿಸಿದ್ದೆ. ಕೊಡುವುದಿಲ್ಲ. ಇನ್ನೂ ಒಂದುಂಟು. 5ನೇ ಕೋಡ್ ವಿಶ್ರಾಂತಿ ಮತ್ತು ಪುನರ್ವಸತಿಗೆ ಸಂಬಂಧಿಸಿದ್ದು. ಆಸ್ಪತ್ರೆಯಲ್ಲದ ರಿಹ್ಯಾಬ್ ಕೇಂದ್ರದ ಬಿಲ್ 12ರಿಂದ ತಪ್ಪಿಸಿಕೊಂಡರೂ ಇಲ್ಲಿ ಸಿಕ್ಕಿಬೀಳುತ್ತದೆ.

ಡೆಸ್ಕಿನ ಹುಡುಗ ಪಾಪದವ. ಸ್ವರ ತಗ್ಗಿಸಿ ಹೇಳಿದ, "ಮೇಡಂ, ಡಾಕ್ಟ್ರ ಹತ್ರ ಮಾತಾಡಿ ಗ್ಯಾಸ್ಟ್ರೈಟಿಸ್ ಅಂತ ಬರೆಸಿದ್ರೆ ಪಾಸ್ ಆಗ್ಬಹುದು." ಕೇಳಿಯೇ ಬಿಟ್ಟೆವು. ಡಾಕ್ಟರ್ ಸಿಟ್ಟಾಗಲಿಲ್ಲ. "ಥಯಾಮಿನ್ ಇಂಜೆಕ್ಷನ್ ಕೊಟ್ಟಿದ್ದೇವೆ, ಲೋರಾಜೆಪಾಮ್ ಕೊಟ್ಟಿದ್ದೇವೆ, ಕುಡಿತ ನಿಂತಾಗ ಕೊಡುವ ಮದ್ದು ಇವು, ಎಲ್ಲ ಚಾರ್ಟಲ್ಲುಂಟು. ಓದುವವರಿಗೆ ಒಂದು ನಿಮಿಷದಲ್ಲಿ ಗೊತ್ತಾಗ್ತದೆ. ಮತ್ತೆ ನಿಮ್ಮ ಪಾಲಿಸಿಯೇ ಹೋದೀತು" ಎಂದರು. ಅವರು ಹೇಳಿದ್ದು ಸರಿ. ಸುಳ್ಳು ಕಾರಣ ಬರೆಸಿದ್ದು ಗೊತ್ತಾದರೆ ಆ ಕ್ಲೇಮ್ ಮಾತ್ರ ಅಲ್ಲ, ಪಾಲಿಸಿಯೇ ರದ್ದಾಗಬಹುದು. ಅದಕ್ಕಿಂತ ಮುಖ್ಯ, ಮುಂದಿನ ಡಾಕ್ಟರಿಗೆ ತಪ್ಪು ಪೇಪರ್ ಹೋಗುತ್ತದೆ.

ಬಿಲ್ 60,000ದ ಹತ್ತಿರ ಆಯಿತು. ನಾನು ದಿನವೂ ಕೌಂಟರಿನ ಆಚೆ ಕೂತು ಊರವರ ಬಂಗಾರ ತೂಗಿ ಸಾಲ ಕೊಡುವವಳು. ಆ ದಿನ ಈಚೆ ನಿಂತು ನನ್ನ ಬಳೆ ಕೊಟ್ಟೆ. ಜೊತೆಯವರು ಯಾರೂ ಏನೂ ಕೇಳಲಿಲ್ಲ. ಕೇಳದೇ ಇದ್ದದ್ದೇ ಜಾಸ್ತಿ ಹಿಂಸೆ. ಆದರೂ ಹೇಳುತ್ತೇನೆ, ಇಂಥ ಹೊತ್ತಿನಲ್ಲಿ ಕ್ರೆಡಿಟ್ ಕಾರ್ಡ್ ಉಜ್ಜುವುದಕ್ಕಿಂತ, ಮೊಬೈಲಿನ ಸಾಲದ ಆ್ಯಪ್‌ಗಳಿಗೆ ಕೈ ಹಾಕುವುದಕ್ಕಿಂತ ಬಂಗಾರದ ಸಾಲ ಎಷ್ಟೋ ಮೇಲು. ಬಡ್ಡಿ ಕಮ್ಮಿ, ಬೆನ್ನಟ್ಟಿ ಫೋನ್ ಮಾಡುವವರಿಲ್ಲ.

ಅಲ್ಲಿ ದೇಹ ಹತೋಟಿಗೆ ಬಂತು, ಅಷ್ಟೆ. ಚಟದ ಚಿಕಿತ್ಸೆ ಅಲ್ಲಿಂದ ಮೇಲೆ ಶುರುವಾಗಬೇಕಿತ್ತು. ಎಲ್ಲಿ ಎನ್ನುವುದೇ ದೊಡ್ಡ ಚರ್ಚೆ.

ಬಿಪಿಎಲ್ ಕಾರ್ಡ್ ಇರುವವರಿಗೆ ಮೊದಲ ಬಾಗಿಲು ಸರ್ಕಾರಿ ಆಸ್ಪತ್ರೆ. ಮಂಗಳೂರಿನಲ್ಲಿ ವೆನ್ಲಾಕ್, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ನಮ್ಮಂಥ ಎಪಿಎಲ್‌ನವರಿಗೆ ಸರ್ಕಾರ ಗೊತ್ತು ಮಾಡಿದ ಪ್ಯಾಕೇಜ್ ದರದ ಶೇ. 30 ಮಾತ್ರ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಈ ಕಾರ್ಡ್ ಹಿಡಿದು ನೇರ ಖಾಸಗಿ ಆಸ್ಪತ್ರೆಗೆ ಹೋದರೆ ಸಾಮಾನ್ಯವಾಗಿ ನಡೆಯುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುವ ಚಿಕಿತ್ಸೆಯನ್ನು ಅಲ್ಲೇ ತೆಗೆದುಕೊಳ್ಳಬೇಕು. ಅಲ್ಲಿ ಇಲ್ಲದ್ದಕ್ಕೆ ಮಾತ್ರ ರೆಫರಲ್ ಬರೆದುಕೊಡುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಈ ಯೋಜನೆಯ ಬಗ್ಗೆ ಹೇಳಲು ಆರೋಗ್ಯಮಿತ್ರ ಅಂತ ಒಬ್ಬರು ಇರುತ್ತಾರೆ, ಅವರನ್ನೇ ಹುಡುಕಿ ಕೇಳಿ. ಬೇರೆಯವರು ಹೇಳುವುದು ಹೆಚ್ಚಾಗಿ ಕೇಳಿದ್ದು ಕೇಳಿದ ಹಾಗೆ.

ಅಮ್ಮ ಧರ್ಮಸ್ಥಳದ ಕಡೆಯ ಮದ್ಯವರ್ಜನ ಶಿಬಿರದ ಮಾತೆತ್ತಿದರು. ಊರಲ್ಲಿ ಅದರಿಂದ ಬಿಟ್ಟವರು ಇದ್ದಾರೆ. ಜನಜಾಗೃತಿ ವೇದಿಕೆಯವರು ಹಳ್ಳಿ ಹಳ್ಳಿಯಲ್ಲಿ ನಡೆಸುತ್ತಾರೆ, ಊರವರು ಸೇರಿ ಖರ್ಚು ಹೊರುತ್ತಾರೆ, ಬಿಟ್ಟವರನ್ನು ನವಜೀವನ ಸಮಿತಿ ಅಂತ ಮಾಡಿ ಒಟ್ಟಿಗೆ ಇಡುತ್ತಾರೆ. ಕೈಯಲ್ಲಿ ಕಾಸಿಲ್ಲದವರಿಗೆ ಅದು ನಿಜವಾದ ದಾರಿ. ಆದರೆ ಫಿಟ್ಸ್ ಬಂದವನನ್ನು ಮೊದಲು ಮನೋವೈದ್ಯರು ಇರುವಲ್ಲೇ ಇಡಿ ಎಂದು ಡಾಕ್ಟರ್ ಕಡ್ಡಿ ಮುರಿದ ಹಾಗೆ ಹೇಳಿದರು. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದ ಅನುದಾನದಲ್ಲಿ ನಡೆಯುವ ವ್ಯಸನಿಗಳ ಪುನರ್ವಸತಿ ಕೇಂದ್ರಗಳೂ ಇವೆ, 14446ಕ್ಕೆ ಫೋನ್ ಮಾಡಿದರೆ ಹತ್ತಿರದ್ದು ಯಾವುದೆಂದು ಹೇಳುತ್ತಾರೆ.

ದುಡ್ಡಿನ ಲೆಕ್ಕದಲ್ಲಿ ಹಂಪನಕಟ್ಟೆಯ ವೆನ್ಲಾಕ್ ಸರಿ ಇತ್ತು. ತಮ್ಮ ಒಪ್ಪಲಿಲ್ಲ. "ಹಂಪನಕಟ್ಟೆಯಲ್ಲಿ ದಿನಕ್ಕೆ ಹತ್ತು ಜನ ಗುರ್ತದವರು ಸಿಗ್ತಾರೆ ಅಕ್ಕ. ಉಡುಪಿ ಆದ್ರೆ ಬರ್ತೇನೆ." ಅವನು ಬರ್ತೇನೆ ಎಂದದ್ದೇ ದೊಡ್ಡದು. ಉಡುಪಿಯ ಒಂದು ಖಾಸಗಿ ಮನೋವೈದ್ಯಕೀಯ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ಅವನೇ ಸಹಿ ಹಾಕಿದ. ಸ್ವಂತ ಒಪ್ಪಿಗೆಯಿಂದ ಸೇರುವುದಕ್ಕೆ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಬೇರೆ ಕಲಂ ಇದೆ, ಮನೆಯವರ ಕೋರಿಕೆ ಮೇಲೆ ಸೇರಿಸಿಕೊಳ್ಳುವುದಕ್ಕೆ ಬೇರೆ. ಎರಡನೆಯದಕ್ಕೆ ಡಾಕ್ಟರುಗಳ ಪರೀಕ್ಷೆ, 30 ದಿನದ ಮಿತಿ ಎಲ್ಲ ಇದೆ. "ಗಾಡಿ ಕಳಿಸ್ತೇವೆ, ಎತ್ಕೊಂಡು ಹೋಗ್ತೇವೆ, ಆರು ತಿಂಗಳು ಬಿಡೋದಿಲ್ಲ" ಎನ್ನುವ ಕೇಂದ್ರಗಳ ಫೋನ್ ನಂಬರ್ ನಮಗೂ ಸಿಕ್ಕಿತ್ತು. ಅಂಥವರನ್ನು ಒಂದೇ ಪ್ರಶ್ನೆ ಕೇಳಿ: ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಉಂಟಾ, ತೋರಿಸ್ತೀರಾ? ಫೋನ್ ಅಲ್ಲೇ ಕಟ್ ಆದರೆ ಒಳ್ಳೆಯದೇ ಆಯಿತು.

ಸೇರಿಸುವಾಗಲೇ ಅಂದಾಜು ಖರ್ಚು ಬರೆದುಕೊಡಿ ಎಂದು ಕೇಳಿದೆ. ಬೆಡ್, ಡಾಕ್ಟರ್ ಫೀಸು, ಕೌನ್ಸೆಲಿಂಗ್, ಲಿವರ್ ಟೆಸ್ಟ್, ಸ್ಕ್ಯಾನಿಂಗ್, ಮಾತ್ರೆ. ಇದರಲ್ಲಿ ಬರೆಯದ ಖರ್ಚು ಬೈಸ್ಟ್ಯಾಂಡರಿನದ್ದು. ಒಬ್ಬರು ಜೊತೆಗಿರಬೇಕು. ತಮ್ಮನ ಹೆಂಡತಿ ಟೈಲರಿಂಗ್ ಮಾಡುವವಳು. ಅವಳು ಆಸ್ಪತ್ರೆಯಲ್ಲಿ ಕೂತರೆ ಆ ತಿಂಗಳ ಹೊಲಿಗೆ ದುಡ್ಡು ಇಲ್ಲ. ಅಮ್ಮನಿಗೆ ಮಂಡಿ ನೋವು. ಕೊನೆಗೆ ಹಗಲು ಅವಳು, ರಾತ್ರಿ ನಮ್ಮ ಯಜಮಾನರು. ನಾನು ಬೆಳಿಗ್ಗೆ ಗಂಜಿ, ಚಟ್ನಿ ಕಟ್ಟಿಕೊಂಡು ಹೋಗಿ ಕೊಟ್ಟು ಕೆಲಸಕ್ಕೆ ಓಡುವುದು. ಮಗಳು ಅಜ್ಜಿ ಮನೆಯಲ್ಲಿ. ತಮ್ಮನ ರಜೆ ಮುಗಿದು ಸಂಬಳ ಕಟ್ ಶುರುವಾಯಿತು. ಇದ್ಯಾವುದಕ್ಕೂ ರಶೀದಿ ಇಲ್ಲ.

ಇನ್ನೊಂದು ಸಲಹೆ: ಇನ್ಶೂರೆನ್ಸ್ ಇರುವವರು ರೂಮ್ ಆರಿಸುವ ಮೊದಲು ಪಾಲಿಸಿಯ ರೂಮ್ ಬಾಡಿಗೆ ಮಿತಿ ನೋಡಿ. ಮಿತಿ ದಾಟಿದ ರೂಮ್ ತೆಗೆದುಕೊಂಡರೆ ಬಾಡಿಗೆಯ ವ್ಯತ್ಯಾಸ ಮಾತ್ರ ಅಲ್ಲ, ಡಾಕ್ಟರ್ ಫೀಸು ಮುಂತಾದ್ದರಲ್ಲೂ ಅದೇ ಪ್ರಮಾಣದಲ್ಲಿ ಕತ್ತರಿಸುವ ಷರತ್ತು ಹಲವು ಪಾಲಿಸಿಗಳಲ್ಲಿದೆ.

ಅಮ್ಮ ಈ ನಡುವೆ ನಮ್ಮ ತುಳುನಾಡಿನ ದೈವ ಕೊರಗಜ್ಜನಿಗೆ ಹರಕೆ ಹೇಳಿಕೊಂಡಿದ್ದರು. ಹೇಳಿಕೊಂಡ ಮೇಲೆ ಗಾಬರಿ ಬಿದ್ದರು. ಅಜ್ಜನಿಗೆ ಚಕ್ಕುಲಿ, ವೀಳ್ಯದ ಜೊತೆ ಕಳ್ಳು, ಮದ್ಯ ಇಡುವುದು ರೂಢಿ ಅಲ್ವಾ. "ಇವನಿಗೆ ಬಿಡಿಸು ಅಂತ ಕೇಳಿ ಅದನ್ನೇ ಹೇಗೆ ಇಡುವುದು ಮಾರಾಯ್ತಿ?" ಎಂದು ನನ್ನನ್ನು ಕೇಳಿದರು. ಚಕ್ಕುಲಿ, ವೀಳ್ಯದಲ್ಲೇ ಮುಗಿಸಿ, ಅಜ್ಜನಿಗೆ ಅರ್ಥ ಆಗ್ತದೆ ಎಂದೆ. ಎಷ್ಟೋ ದಿನದ ನಂತರ ತಮ್ಮ ನಕ್ಕದ್ದು ಅದಕ್ಕೆ.

ಮೂರು ವಾರ ದಾಟಿದ ಮೇಲೆ ಡಿಸ್ಚಾರ್ಜ್. ಬಿಲ್ 55,000ದ ಆಸುಪಾಸು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಎರಡು ಕಾಯಿಲೆ ಬರೆದಿದ್ದರು. ಒಂದು ಮದ್ಯ ಅವಲಂಬನೆ, ಡಾಕ್ಟರುಗಳ ಕಾಯಿಲೆ ಪಟ್ಟಿಯಲ್ಲಿ ಎಫ್ 10ರಿಂದ ಶುರುವಾಗುವ ಕೋಡ್. ಇನ್ನೊಂದು ಖಿನ್ನತೆ, ಎಫ್ 32. ಎರಡನೆಯದು ಯಾರೂ ಕೇಳಿ ಬರೆಸಿದ್ದಲ್ಲ. ಕುಡಿತ ನಿಂತ ಮೇಲೂ ಅವನ ನಿದ್ದೆ, ಊಟ, ಮಾತು ಸರಿಯಾಗದ್ದನ್ನು ನೋಡಿ, ಬೇರೆ ಪರೀಕ್ಷೆ ಮಾಡಿ, ಬೇರೆ ಮಾತ್ರೆ ಶುರು ಮಾಡಿದ್ದರು. ಇದು ಮುಂದೆ ಉಪಯೋಗಕ್ಕೆ ಬಂತು.

ಕ್ಲೇಮ್ ಹಾಕುವುದಾ ಬೇಡವಾ ಎಂಬುದು ಮನೆಯಲ್ಲಿ ದೊಡ್ಡ ಪ್ರಶ್ನೆಯಾಯಿತು. ತಮ್ಮನಿಗೆ ಆಫೀಸಿನ ಹೆದರಿಕೆ. ಎಚ್‌ಆರ್‌ಗೆ ಗೊತ್ತಾದರೆ ವರ್ಕ್‌ಶಾಪಿಗೆಲ್ಲ ಗೊತ್ತಾದ ಹಾಗೆ ಎಂಬುದು ಅವನ ಲೆಕ್ಕ. ಗ್ರೂಪ್ ಪಾಲಿಸಿಯಾದರೂ ಕ್ಲೇಮ್ ಪೇಪರನ್ನು ನೇರ ಟಿಪಿಎಗೆ, ಅಂದರೆ ಇನ್ಶೂರೆನ್ಸ್ ಕಂಪೆನಿಯ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಸಂಸ್ಥೆಗೆ, ಕಳಿಸಬಹುದು ಎಂದು ಗೊತ್ತಾದ ಮೇಲೆ ಒಪ್ಪಿದ. ಎಚ್‌ಆರ್‌ನಿಂದ ನಾವು ಕೇಳಿದ್ದು ಪಾಲಿಸಿಯ ಪೂರ್ತಿ ಪ್ರತಿ ಮಾತ್ರ. ನೌಕರರ ಕೈಗೆ ಕೊಡುವುದು ಇ-ಕಾರ್ಡ್ ಒಂದೇ, ಅದರಲ್ಲಿ ಏನೂ ಇರುವುದಿಲ್ಲ. ಪೂರ್ತಿ ಪ್ರತಿಯಲ್ಲಿ, ಹೆರಿಗೆ, ಕಣ್ಣಿನ ಪೊರೆ ಎಲ್ಲ ದಾಟಿದ ಮೇಲೆ ಒಂದು ಸಾಲು ಸಿಕ್ಕಿತು: ಮಾನಸಿಕ ಕಾಯಿಲೆಗೆ ಒಳರೋಗಿ ಚಿಕಿತ್ಸೆ, ಮಿತಿ 30,000. ಕೆಲವು ಕಂಪೆನಿಗಳ ಗ್ರೂಪ್ ಪಾಲಿಸಿಯಲ್ಲಿ ಸ್ವಂತ ಪಾಲಿಸಿಗಿಂತ ಬೇರೆ ಷರತ್ತು ಇರುತ್ತದೆ. ಓದದೆ ಬಿಡಬೇಡಿ.

ಕಳಿಸಿದ ಪೇಪರ್‌ಗಳು ಹೀಗೆ: ನಾವು ತುಂಬುವ ಎ ಭಾಗ, ಆಸ್ಪತ್ರೆ ತುಂಬುವ ಬಿ ಭಾಗ, ಡಿಸ್ಚಾರ್ಜ್ ಸಮ್ಮರಿ, ಬಿಡಿಬಿಡಿಯಾಗಿ ಬರೆದ ಬಿಲ್, ಹಣ ಕಟ್ಟಿದ ರಶೀದಿ, ಚೀಟಿ ಸಮೇತ ಮೆಡಿಕಲ್ ಬಿಲ್, ಟೆಸ್ಟ್ ರಿಪೋರ್ಟ್, ಕ್ಯಾನ್ಸಲ್ ಮಾಡಿದ ಚೆಕ್, ಆಧಾರ್. ಆಸ್ಪತ್ರೆಯ ಬಿ ಭಾಗಕ್ಕೆ ಸೀಲ್ ಬೀಳಲು ಹಿಡಿದ ಹೊತ್ತು ಉಳಿದೆಲ್ಲದಕ್ಕಿಂತ ಜಾಸ್ತಿ. ಡಿಸ್ಚಾರ್ಜ್ ದಿನವೇ ಕೇಳಿ ತೆಗೆದುಕೊಳ್ಳಿ, ಏಕೆಂದರೆ ಕ್ಲೇಮ್ ಕಳಿಸಲು ಪಾಲಿಸಿಯಲ್ಲಿ ಗಡುವು ಇರುತ್ತದೆ. ಎಲ್ಲದರ ಜೆರಾಕ್ಸ್, ಮೊಬೈಲಲ್ಲಿ ಫೋಟೋ ಇಟ್ಟುಕೊಳ್ಳಿ. ನಮ್ಮ ಒರಿಜಿನಲ್ ರಿಪೋರ್ಟ್ ಒಂದು "ಬಂದಿಲ್ಲ" ಎಂದಾಗ ಆ ಫೋಟೋವೇ ಉಳಿಸಿತು.

ಮೊದಲು ಒಂದು ಪ್ರಶ್ನೆ ಬಂತು, ಒಳರೋಗಿ ಕೇಸ್ ಪೇಪರ್ ಕಳಿಸಿ ಎಂದು. ಕಳಿಸಿದೆವು. ಮತ್ತೆ, ಎಷ್ಟು ವರ್ಷದಿಂದ ಕುಡಿಯುತ್ತಾರೆ, ಡಾಕ್ಟರ್ ಸರ್ಟಿಫಿಕೇಟ್ ಬೇಕು ಎಂದು. ಅದನ್ನೂ ಕಳಿಸಿದೆವು. ಆಮೇಲೆ ಬಂದದ್ದು ಎರಡೂ ಆಸ್ಪತ್ರೆಯ ಕ್ಲೇಮ್ ತಿರಸ್ಕಾರ. ಕೋಡ್ 12. ಪತ್ರ ಓದಿ ತಮ್ಮ ಏನೂ ಹೇಳದೆ ಹೊರಗೆ ಹೋದ. ಆ ಸಂಜೆ ಅವನು ಮನೆಗೆ ಬರುವವರೆಗೆ ನಮಗೆ ಉಸಿರು ಕೆಳಗಿಳಿಯಲಿಲ್ಲ. ಬಂದ, ಮೀನು ತಂದಿದ್ದ.

ದೂರು ಪತ್ರ ನಾನೇ ಬರೆದೆ. ಹೇಳಬೇಕಾದದ್ದು ಎರಡು ಮಾತು. 2017ರ ಕಾಯ್ದೆಯ 21ನೇ ಕಲಂ ಪ್ರಕಾರ ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯ ಹಾಗೆಯೇ ವಿಮೆ ಕೊಡಬೇಕು. ಅದೇ ಕಾಯ್ದೆಯ 2ನೇ ಕಲಮಿನಲ್ಲಿ ಮಾನಸಿಕ ಕಾಯಿಲೆ ಅಂದರೆ ಏನು ಎಂದು ಹೇಳುವಲ್ಲಿ ಮದ್ಯ, ಮಾದಕ ವಸ್ತುವಿನ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಸೇರಿವೆ. ಕಾಯ್ದೆ ಹಾಗೆ ಹೇಳುತ್ತದೆ, 12ನೇ ಕೋಡ್ ಹೀಗೆ ಹೇಳುತ್ತದೆ. ಎರಡೂ ಎದುರುಬದುರು ನಿಂತಿವೆ, ನಡುವೆ ಸಿಕ್ಕಿದವರು ನಾವು. ಜೊತೆಗೆ ಖಿನ್ನತೆಯ ಚಿಕಿತ್ಸೆ ಬೇರೆಯೇ ಇದೆ, ಅದಕ್ಕೆ ನಿಮ್ಮ ಪಾಲಿಸಿಯಲ್ಲೇ ಮಿತಿ ಇದೆ ಎಂದು ಬರೆದು ಮನೋವೈದ್ಯರ ಪತ್ರ ಇಟ್ಟೆ. ಕಂಪೆನಿಯ ಕುಂದುಕೊರತೆ ವಿಭಾಗಕ್ಕೂ, ಐಆರ್‌ಡಿಎಐ ದೂರುಗಳಿಗೆ ಇಟ್ಟಿರುವ ಬಿಮಾ ಭರೋಸಾ ಪೋರ್ಟಲ್‌ಗೂ ಹಾಕಿದೆ. ಆನ್‌ಲೈನ್ ಬರದವರು 155255ಕ್ಕೆ ಫೋನ್ ಮಾಡಿಯೂ ದೂರು ಕೊಡಬಹುದು.

ಕೆಲವು ವಾರ ಕಳೆದು ಉತ್ತರ ಬಂತು. ಖಿನ್ನತೆಗೆ ಮಾನಸಿಕ ಕಾಯಿಲೆಯ ಮಿತಿಯಲ್ಲಿ 30,000 ಕೊಡುತ್ತೇವೆ. ಚಟದ ಚಿಕಿತ್ಸೆಗೆ, ಮಂಗಳೂರಿನ ಐಸಿಯುಗೆ ಇಲ್ಲ. ಹಣ ಖಾತೆಗೆ ಬಿತ್ತು.

ಮುಂದೆ ಬೆಂಗಳೂರಿನ ಇನ್ಶೂರೆನ್ಸ್ ಓಂಬುಡ್ಸ್‌ಮನ್, ಅಂದರೆ ವಿಮೆಯ ತಕರಾರು ಕೇಳಿ ತೀರ್ಮಾನ ಕೊಡುವ ಅಧಿಕಾರಿ, ಅವರ ಹತ್ತಿರ ಹೋಗುವ ದಾರಿ ಇತ್ತು. ಫೀಸಿಲ್ಲ, ವಕೀಲರು ಬೇಡ, ಗ್ರೂಪ್ ಪಾಲಿಸಿಯೂ ನಡೆಯುತ್ತದೆ, 50 ಲಕ್ಷದವರೆಗಿನ ತಕರಾರು ಕೇಳುತ್ತಾರೆ. ಮೊದಲು ಕಂಪೆನಿಗೆ ದೂರು ಕೊಟ್ಟಿರಬೇಕು, ಅವರ ಅಂತಿಮ ಉತ್ತರದಿಂದ ಒಂದು ವರ್ಷದೊಳಗೆ ಹೋಗಬೇಕು. ನನಗೆ ಹೋಗುವ ಮನಸ್ಸಿತ್ತು. "ಸಾಕು ಅಕ್ಕ, ನನ್ನ ಕುಡಿತದ ಕಥೆ ಇನ್ನೊಂದು ಟೇಬಲ್‌ಗೆ ಬೇಡ" ಎಂದ ತಮ್ಮ. ಕಾಯಿಲೆ ಅವನದ್ದು, ಪೇಪರ್ ಅವನದ್ದು. ಬಿಟ್ಟೆವು. ನಿಮ್ಮ ಬಿಲ್ ಲಕ್ಷಗಟ್ಟಲೆ ಇದ್ದರೆ ಬಿಡಬೇಡಿ.

ಈಗ ಯಾರೂ ಮೊದಲು ಹೇಳದ ಖರ್ಚು. ಆಸ್ಪತ್ರೆಯ ಬಿಲ್ ಒಮ್ಮೆ ಕಟ್ಟಿದರೆ ಮುಗಿಯಿತು. ಆಮೇಲಿನದ್ದು ತಿಂಗಳು ತಿಂಗಳು ಬರುತ್ತದೆ. ಕುಡಿಯುವ ಆಸೆ ಕಮ್ಮಿ ಮಾಡಲು ನಾಲ್ಟ್ರೆಕ್ಸೋನ್ ಮಾತ್ರೆ, ಖಿನ್ನತೆಗೆ ಬೇರೆ, ವಿಟಮಿನ್ ಬೇರೆ. ಡಾಕ್ಟರ್ ಫೀಸು, ಕೌನ್ಸೆಲಿಂಗ್, ಆಗಾಗ ಲಿವರ್ ಟೆಸ್ಟ್, ಸುರತ್ಕಲ್‌ನಿಂದ ಉಡುಪಿಗೆ ಬಸ್ಸು, ಆ ದಿನದ ರಜೆ. ಮೊದಮೊದಲು ತಿಂಗಳಿಗೆ 4,000 ದಾಟುತ್ತಿತ್ತು. ಇದು ಹೊರರೋಗಿ ಚಿಕಿತ್ಸೆ, ನಮ್ಮ ಪಾಲಿಸಿಯಲ್ಲಿ ಇಲ್ಲ. ಡಿಸ್ಚಾರ್ಜ್ ನಂತರದ 60 ದಿನದ ಬಿಲ್ ಕೊಡುತ್ತೇವೆ ಎಂದು ಪಾಲಿಸಿಯಲ್ಲಿತ್ತು. ಕಳಿಸಿದೆವು. 30,000ದ ಮಿತಿ ಮುಗಿದಿದೆ ಎಂದು ಉತ್ತರ ಬಂತು. ಹಾಗಾಗಿ ನನ್ನನ್ನು ಕೇಳುವವರಿಗೆ ಹೇಳುವುದಿಷ್ಟೆ: ಇದ್ದ ದುಡ್ಡನ್ನೆಲ್ಲ ಸ್ಪೆಷಲ್ ರೂಮಿಗೆ ಸುರಿಯಬೇಡಿ. ಜನರಲ್ ವಾರ್ಡಲ್ಲಿ ಕೊಡುವುದೂ ಅದೇ ಮಾತ್ರೆ. ಉಳಿಸಿದ್ದನ್ನು ಮುಂದಿನ ಒಂದು ವರ್ಷದ ಔಷಧಿಗೆ ತೆಗೆದಿಡಿ. ನಮ್ಮ ವಾರ್ಡಿನಲ್ಲಿ ಎರಡನೇ ಸಲ ಸೇರಿದ್ದ ಹಲವರ ಮನೆಯವರು ಹೇಳಿದ್ದು, ದುಡ್ಡಿಲ್ಲದೆ ಮಾತ್ರೆ ನಿಂತಿತು, ಆಮೇಲೆ ಶುರುವಾಯಿತು ಎಂದೇ.

ಕಮ್ಮಿ ಮಾಡಿಕೊಳ್ಳುವ ದಾರಿಗಳೂ ಸಿಕ್ಕಿದವು. ಡಾಕ್ಟರನ್ನೇ ಕೇಳಿ ಬ್ರಾಂಡ್ ಬದಲಿಸಿಕೊಂಡೆವು, ಖಿನ್ನತೆಯ ಮಾತ್ರೆ ಜನೌಷಧಿಯಲ್ಲಿ ಎಷ್ಟೋ ಅಗ್ಗಕ್ಕೆ ಸಿಕ್ಕಿತು. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ, ಹಳ್ಳಿಯವರು ಪೇಟೆಗೆ ಅಲೆಯುವುದು ಅದರಿಂದ ತಪ್ಪುತ್ತದೆ. ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗೆ ಫೀಸೇ ಇಲ್ಲ. ತಮ್ಮ ಮೊದಲ ಸಲ ಹೋಗಿ ಬಂದು, "ಎಲ್ಲ ನನ್ನ ಹಾಗಿನವರೇ, ಒಬ್ಬ ಬ್ಯಾಂಕ್ ಮ್ಯಾನೇಜರೂ ಇದ್ದಾನೆ" ಎಂದ. ಆ ಮ್ಯಾನೇಜರ್ ಇದ್ದದ್ದು ಅವನಿಗೆ ಏನೋ ಸಮಾಧಾನ. ಮನೆಯವರಿಗೆ ಅಲ್-ಅನಾನ್ ಅಂತ ಬೇರೆ ಸಭೆ ಇದೆ. ತಮ್ಮನ ಹೆಂಡತಿ ಅಲ್ಲಿಗೆ ಹೋಗುತ್ತಾಳೆ, ಮಿಷನ್ ತುಳಿಯುವುದನ್ನು ಮತ್ತೆ ಶುರು ಮಾಡಿದ್ದಾಳೆ.

ಬಳೆ ಇನ್ನೂ ಲಾಕರಿನಲ್ಲೇ ಇದೆ, ಬಡ್ಡಿ ಕಟ್ಟುತ್ತಿದ್ದೇವೆ. ತಮ್ಮನಿಗೆ ಬೇರೆ ಕಡೆ ಕೆಲಸದ ಮಾತುಕತೆ ನಡೆದಿದೆ. ಕೆಲಸ ಬಿಟ್ಟರೆ ಗ್ರೂಪ್ ಪಾಲಿಸಿ ಹೋಗುತ್ತದೆ. ಬಿಡುವ ಮೊದಲೇ ಅದೇ ಕಂಪೆನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಲು ಕೇಳಬಹುದು, ಹಾಗಾದರೆ ಕೆಲವು ಕಾಯಿಲೆಗೆ ವಿಮೆ ಸಿಗುವ ಮೊದಲು ಕಾಯಬೇಕಾದ ಅವಧಿಯಲ್ಲಿ ಈಗಾಗಲೇ ಕಳೆದದ್ದು ಲೆಕ್ಕಕ್ಕೆ ಬರುತ್ತದೆ. ಫಾರಂನಲ್ಲಿ ಮದ್ಯಪಾನ, ಹಿಂದಿನ ಚಿಕಿತ್ಸೆ ಎರಡನ್ನೂ ಕೇಳಿದ್ದಾರೆ. ಇದ್ದದ್ದು ಇದ್ದ ಹಾಗೆ ತುಂಬಿ, ಡಿಸ್ಚಾರ್ಜ್ ಸಮ್ಮರಿಯ ಪ್ರತಿ ಪಿನ್ ಮಾಡಿ ಕಳಿಸಿದ್ದೇವೆ. ಪ್ರೀಮಿಯಂ ಜಾಸ್ತಿ ಹಾಕುತ್ತಾರೋ, ಆಗುವುದಿಲ್ಲ ಎನ್ನುತ್ತಾರೋ, ಉತ್ತರ ಬರಬೇಕಷ್ಟೆ.